ಬರಹವಿಲ್ಲದ ಹದಿನಾರು ಪುಟ

ಜನವರಿ ೧೨

ತಂಗಿ,

ನಿನ್ನ ಕಾಗದ ಬಂತು. ‘ಎಲ್ಲರೂ ಕ್ಷೇಮ’ ಎಂದು ಮೊದಲ ಸಾಲಿನಲ್ಲೇ ಬರೆದು ಕೈ ತೊಳೆದುಕೊಂಡಿದ್ದೀಯ. ಎಲ್ಲರೂ ಎಂದರೆ ಯಾರ್ಯಾರು? ನೀನು, ನಿನ್ನ ಗಂಡ, ನಿನ್ನ ಹೊಲಿಗೆ ಮಿಷನ್ನು, ಇಷ್ಟು ಕ್ಷೇಮವೆಂದು ಒಪ್ಪುತ್ತೇನೆ. ದೊರೆಯ ವಿಷಯದಲ್ಲಿ ಮಾತ್ರ ನನಗೆ ಗುಮಾನಿ.

ನನಗೆ ತಮ್ಮ, ನಿನಗೆ ಅಣ್ಣ, ಬೀದಿಗೆಲ್ಲ ದೊರೆ. ನಲವತ್ತಮೂರು ವರ್ಷವಾದರೂ ಅಕ್ಷರ ಹತ್ತಲಿಲ್ಲ, ಗಡಿಯಾರ ಅರ್ಥವಾಗಲಿಲ್ಲ, ಎಣಿಕೆ ಹನ್ನೆರಡಕ್ಕೆ ನಿಲ್ಲುತ್ತದೆ. ಆದರೆ ಕಾಗದ ಮಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅಮ್ಮ ಹೋಗಿ ಈ ತಿಂಗಳಿಗೆ ಎರಡು ವರ್ಷ. ಅಂದಿನಿಂದ ತಿಂಗಳಿಗೊಂದು ಖಾಲಿ ಹಾಳೆಯನ್ನು ಮೂರು ಮಡಿಕೆ ಹಾಕಿ, ಹದಿನಾರು ಪುಟ ಮಾಡಿ, ನಿನ್ನ ಲಕೋಟೆಯೊಳಗೆ ಇಟ್ಟು ಕಳಿಸುತ್ತಾನೆ. ಬರಹವಿಲ್ಲ, ಗುರುತಿಲ್ಲ. ಅದೇ ಅವನ ಕಾಗದ. ಇದನ್ನೆಲ್ಲ ನಿನಗೆ ಹೇಳಬೇಕಾಗಿಲ್ಲ, ಆದರೆ ಈಚೆಗೆ ನೀನು ಮರೆತಂತಿದೆ.

ಯಾಕೆಂದರೆ ಈ ಸಲ ಬಂದದ್ದು ಅವನು ಮಡಿಸಿದ್ದಲ್ಲ. ಅವನು ಎಡಗೈಯವನು, ಬಲದ ಅಂಚನ್ನು ಎಡಕ್ಕೆ ತರುತ್ತಾನೆ. ಕೊನೆಯ ಮಡಿಕೆಯನ್ನು ಹೆಬ್ಬೆರಳಿನ ಉಗುರಿನಿಂದ ಎರಡು ಸಲ ಉಜ್ಜುತ್ತಾನೆ, ಅಲ್ಲಿ ಹಾಳೆ ಸ್ವಲ್ಪ ಹೊಳೆಯುತ್ತದೆ. ಇದರಲ್ಲಿ ಅಂಚು ಎಡದಿಂದ ಬಲಕ್ಕೆ ಬಂದಿದೆ, ಹೊಳಪಿಲ್ಲ. ಹೋದ ತಿಂಗಳದ್ದನ್ನೂ ತೆಗೆದು ನೋಡಿದೆ. ಅದೂ ಹಾಗೇ.

ಮೂರು ಪ್ರಶ್ನೆ ಕೇಳುತ್ತೇನೆ, ಮೂರಕ್ಕೂ ಉತ್ತರ ಬೇಕು. ಅವನ ಕೈಗೆ ಏನಾದರೂ ಆಗಿದೆಯೇ? ಅಂಗಡಿಗೆ ದಿನವೂ ಹೋಗುತ್ತಿದ್ದಾನೆಯೇ? ನನ್ನ ಕಾಗದ ಓದಿ ಹೇಳಿದಾಗ ಏನನ್ನುತ್ತಾನೆ?

ಇಂತಿ,
ಅಕ್ಕ


ಜನವರಿ ೨೫

ಅಕ್ಕನಿಗೆ,

ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷೆ ಮಾಡಿ ಮಾಡಿ ನಿನಗೆ ಮನೆಯವರೂ ಕಳ್ಳ ವ್ಯಾಪಾರಿಗಳ ಹಾಗೆ ಕಾಣುತ್ತಿದ್ದಾರೆ. ಮಡಿಸಿದ ಕಾಗದಕ್ಕೂ ಇನ್ಸ್‌ಪೆಕ್ಷನ್ನೇ?

ಅಣ್ಣನ ಕೈ ಕಲ್ಲುಗುಂಡಿನ ಹಾಗಿದೆ. ಅಂಗಡಿಗೆ ನನಗಿಂತ ಮೊದಲೇ ಎದ್ದು ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಾನೆ. ಕಳೆದ ವಾರ ಅವನ ಪ್ಯಾಂಟಿನ ಸೊಂಟವನ್ನು ಎರಡು ಬೆರಳು ಬಿಟ್ಟು ಹೊಲಿದೆ, ಅಷ್ಟು ದಪ್ಪಗಾಗಿದ್ದಾನೆ. ಊಟ ಮುಗಿದ ಮೇಲೆ ಒಬ್ಬೊಬ್ಬರ ಮುಂದೂ ಬಂದು ‘ಸಾಕಾಯ್ತಾ?’ ಎಂದು ಕೇಳದೆ ಇವತ್ತಿಗೂ ಕೈ ತೊಳೆಯುವುದಿಲ್ಲ. ಮೊನ್ನೆ ಮೀಟರ್ ನೋಡಲು ಬಂದವರನ್ನೂ ಕೇಳಿದ. ಕ್ಷೌರದಂಗಡಿಯವರು ಈಗಲೂ ಅವನು ಹೋದರೆ ಕಾಯುತ್ತಿರುವವರನ್ನೆಲ್ಲ ಬಿಟ್ಟು ಅವನನ್ನೇ ಮೊದಲು ಕೂರಿಸುತ್ತಾರೆ.

ಅಂಗಡಿಗೆ ಹೊಸ ದಪ್ಪ ಕಾಗದ ಬಂದಿದೆ, ಮಡಿಕೆ ಬೇರೆ ಥರ ಕೂರುತ್ತದೆ. ಅಷ್ಟೇ ವಿಷಯ. ಈ ತಿಂಗಳದ್ದನ್ನು ಒಳಗಿಟ್ಟಿದ್ದೇನೆ. ನಿನಗೆ ಅಲ್ಲಿ ಚಳಿ ಜಾಸ್ತಿ ಎಂದು ಬರೆದಿದ್ದೆ, ಹುಷಾರು.

ನಿನ್ನ ತಂಗಿ


ಫೆಬ್ರವರಿ ೬

ತಂಗಿ,

ನನ್ನ ಕಿವಿಯ ಮೇಲೆ ಹೂವಿಡಬೇಡ.

ಈ ಸಲದ ಮಡಿಕೆಯಲ್ಲಿ ಎರಡು ಕಡೆಯೂ ಹೊಳಪಿದೆ. ಬಲದಿಂದ ಎಡಕ್ಕೇ ಬಂದಿದೆ. ನಾನು ಹೇಳಿಕೊಟ್ಟ ಪಾಠವನ್ನು ಚೆನ್ನಾಗಿ ಕಲಿತಿದ್ದೀಯ. ಆದರೆ ಹಾಳೆಯ ಮಧ್ಯದಲ್ಲಿ ತಿಳಿ ಹಳದಿ ಬಣ್ಣದ ಒಂದು ಮೂಲೆ ಮೂಡಿದೆ, ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟೇ ಅಗಲ. ಅಳತೆಪಟ್ಟಿ ಇಟ್ಟು ನೋಡಿದೆ, ಅಂಚಿಗೂ ಅಂಚಿಗೂ ಎರಡು ಮಿಲಿಮೀಟರ್ ವ್ಯತ್ಯಾಸ. ದೊರೆಯ ಕೈಯಲ್ಲಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಹದಿನೇಳು ವರ್ಷ ಅಂಗಡಿಯವರ ಮುಖ ನೋಡಿಯೇ ಕಲ್ಲಿನ ತಳ ಕೊರೆದಿದ್ದಾರೋ ಇಲ್ಲವೋ ಹೇಳಿದವಳು ನಾನು.

ಇನ್ನೊಂದು ಮಾತು. ಮೂರು ಪ್ರಶ್ನೆಯಲ್ಲಿ ಎರಡಕ್ಕೆ ಮಾತ್ರ ಉತ್ತರ ಕೊಟ್ಟಿದ್ದೀಯ. ನನ್ನ ಕಾಗದ ಕೇಳಿ ಅವನು ಏನನ್ನುತ್ತಾನೆ ಎಂಬುದನ್ನು ಜಾರಿಸಿಬಿಟ್ಟಿದ್ದೀಯ. ಮೀಟರ್‌ನವರಿಗೆ ಜಾಗವಿತ್ತು, ಅದಕ್ಕೆ ಜಾಗವಿರಲಿಲ್ಲ.

ನೇರವಾಗಿ ಕೇಳುತ್ತೇನೆ. ಅವನು ಮನೆಯಲ್ಲಿದ್ದಾನೆಯೇ? ಅಮ್ಮ ತೀರಿಕೊಂಡ ವರ್ಷ ನಿನ್ನ ಗಂಡ ಯಾವುದೋ ವಸತಿಗೃಹದ ಮಾತು ತೆಗೆದಿದ್ದರು, ‘ಅಲ್ಲಿ ಇವನಂಥವರು ತುಂಬ ಜನ ಇರ್ತಾರೆ, ಬೇಜಾರಾಗಲ್ಲ’ ಅಂದಿದ್ದರು. ನಾನು ಮರೆತಿಲ್ಲ. ಹೋಗಿ ಬಿಟ್ಟು ಬಂದಿದ್ದೀರಾ? ಅಥವಾ ಅವನಿಗೇ ಏನಾದರೂ ಆಗಿ, ಅದನ್ನು ಮುಚ್ಚಿಡುತ್ತಿದ್ದೀರಾ?

ನೀನು ಹೇಳದಿದ್ದರೆ ಹೇಳುವವರನ್ನು ಕೇಳುತ್ತೇನೆ.

ಅಕ್ಕ


ಫೆಬ್ರವರಿ ೬

ಬೈಂಡಿಂಗ್ ಅಂಗಡಿಯ ಮಾಲೀಕರಿಗೆ,

ಮಾನ್ಯರೇ,

ನಾನು ನಿಮ್ಮಲ್ಲಿ ಅಚ್ಚಾದ ಹಾಳೆಗಳ ಫಾರಂ ಮಡಿಸುವ ದೊರೆಯ ಅಕ್ಕ. ಇದು ಇಲಾಖೆಯ ಪತ್ರವಲ್ಲ, ಸ್ವಂತದ್ದು. ನನ್ನ ತಮ್ಮ ಈಗಲೂ ನಿಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದಾನೆಯೇ, ನೀವು ಅವನನ್ನು ಕೊನೆಯ ಬಾರಿ ಕಣ್ಣಾರೆ ನೋಡಿದ್ದು ಯಾವ ದಿನ, ಅವನ ನಡವಳಿಕೆಯಲ್ಲಿ ಏನಾದರೂ ಬದಲಾವಣೆ ಕಂಡಿದ್ದೀರಾ ಎಂಬುದನ್ನು ದಯವಿಟ್ಟು ತಿಳಿಸಿ. ನಾನು ಬರೆದ ವಿಷಯ ನನ್ನ ತಂಗಿಗೆ ತಿಳಿಯುವುದು ಬೇಡ.

ನಿಮ್ಮ ವಿಶ್ವಾಸಿ,
ದೊರೆಯ ಅಕ್ಕ


ಫೆಬ್ರವರಿ ೨೨

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಕಂಡು ಮೊದಲು ಅಂಟಿನ ಪುಡಿ ತೂಗುವ ತಕ್ಕಡಿಯನ್ನು ಒರೆಸಿಟ್ಟು ಆಮೇಲೆ ಓದಿದೆ. ಸ್ವಂತದ ಪತ್ರ ಎಂದು ತಿಳಿದು ಉಸಿರು ಬಂತು.

ದೊರೆಯನ್ನು ಕೊನೆಯ ಬಾರಿ ನೋಡಿದ್ದು ಈಗ. ಎದುರಿಗೇ ಕೂತಿದ್ದಾನೆ. ಶಾಲೆಯ ಹಾಜರಿ ಪುಸ್ತಕದ ಫಾರಂಗಳು ಬಂದಿವೆ, ಹನ್ನೆರಡು ಹನ್ನೆರಡಾಗಿ ಕಟ್ಟು ಮಾಡುತ್ತಿದ್ದಾನೆ. ಅವನ ಕೈಗೆ ಹನ್ನೆರಡೇ ಲೆಕ್ಕ, ಹಾಗಾಗಿ ನಮ್ಮ ಅಂಗಡಿಯಲ್ಲಿ ಎಲ್ಲ ಕಟ್ಟೂ ಹನ್ನೆರಡರದ್ದೇ. ಮಷಿನ್ ತರಿಸಿ ಎಂದು ಬಹಳ ಜನ ಹೇಳಿದರು. ಮಷಿನ್ನು ಮಧ್ಯಾಹ್ನ ನನ್ನ ಡಬ್ಬಿ ಮುಗಿದ ಮೇಲೆ ‘ಸಾಕಾಯ್ತಾ?’ ಎಂದು ಕೇಳುವುದಿಲ್ಲ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನನ್ನು ಆ ಮಾತು ಕೇಳುವವನು ಇವನೊಬ್ಬನೇ.

ಬದಲಾವಣೆ ಕೇಳಿದ್ದೀರಿ. ಸುಳ್ಳು ಹೇಳಲಾರೆ. ಮೊದಲೆಲ್ಲ ತಿಂಗಳ ಕೊನೆಗೆ ಒಂದು ಒಳ್ಳೆಯ ಖಾಲಿ ಹಾಳೆ ಆರಿಸಿ, ಮಡಿಸಿ, ಅಂಗಿಯ ಒಳಗಿಟ್ಟುಕೊಂಡು ಹೋಗುತ್ತಿದ್ದ. ನವೆಂಬರಿನಿಂದ ಅದನ್ನು ನಿಲ್ಲಿಸಿದ್ದಾನೆ. ನಾನೇ ಹಾಳೆ ಕೊಡಲು ಹೋದೆ. ‘ಬೇಡ. ಅವಳು ಕೊಡಲ್ಲ’ ಅಂದ. ನಿಮ್ಮ ಹೆಸರು ಎತ್ತಿದರೆ ಗೋಡೆಯ ಕಡೆ ತಿರುಗಿ ಕೂರುತ್ತಾನೆ. ಲಾರಿಯವರು ಕಾಗದದ ರೀಮು ಇಳಿಸಲು ಬಂದರೆ ನಿಮ್ಮ ಊರು ಎಷ್ಟು ದೂರ, ಲಾರಿಯಲ್ಲಿ ಹೋಗಬಹುದಾ ಎಂದು ಕೇಳುತ್ತಾನೆ.

ಯಾಕೆ ಎಂಬುದು ನನಗೆ ಗೊತ್ತು, ಆದರೆ ನಾನು ಹೇಳುವುದು ತರವಲ್ಲ. ನಿಮ್ಮ ತಂಗಿಗೆ ಮಾತು ಕೊಟ್ಟಿದ್ದೇನೆ. ನಾನೊಬ್ಬನೇ ಅಲ್ಲ, ಬೀದಿಯೇ ಕೊಟ್ಟಿದೆ. ಅವರನ್ನೇ ಕೇಳಿ.

ಇತಿ,
ಬೈಂಡಿಂಗ್ ಅಂಗಡಿಯವನು


ಮಾರ್ಚ್ ೩

ತಂಗಿ,

ದೊರೆ ಬದುಕಿದ್ದಾನೆ, ಮನೆಯಲ್ಲೇ ಇದ್ದಾನೆ, ಕೈ ಸರಿಯಿದೆ. ಇಷ್ಟನ್ನು ತಿಳಿಯಲು ನಾನು ಪರರಿಗೆ ಬರೆಯಬೇಕಾಯಿತು. ನಿನ್ನ ಗಂಡನನ್ನು ಅನುಮಾನಿಸಿದ್ದಕ್ಕೆ ಅವರಲ್ಲಿ ಕ್ಷಮೆ ಕೇಳುತ್ತೇನೆ. ನಿನ್ನಲ್ಲಿ ಕೇಳುವುದಿಲ್ಲ.

ಅವನು ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಜನ್ಮದಲ್ಲಿ ಯಾರ ಮೇಲೂ ಮುನಿಸಿಕೊಳ್ಳದವನು, ಬೀದಿಯ ಹುಡುಗರು ಚಪ್ಪಲಿ ಬಚ್ಚಿಟ್ಟರೆ ಅವರ ಜೊತೆ ಸೇರಿ ತಾನೇ ಹುಡುಕುವವನು, ನನ್ನ ಹೆಸರು ಕೇಳಿ ಗೋಡೆಗೆ ತಿರುಗುತ್ತಾನಂತೆ. ಇದು ತಾನಾಗಿ ಆದದ್ದಲ್ಲ. ಅವನ ತಲೆಯಲ್ಲಿ ಯಾರೋ ತುಂಬಿದ್ದಾರೆ. ನಾನು ಅವನಿಗೆ ಏನೋ ಕೊಡುವುದಿಲ್ಲವಂತೆ. ಏನು ಕೊಡಲಿಲ್ಲ? ಅವನು ಕೇಳಿದ್ದು ನನ್ನ ಕಿವಿಗೆ ಬಿದ್ದಿದ್ದರೆ ತಾನೇ? ನನ್ನ ಬಗ್ಗೆ ಏನು ಚಾಡಿ ಹೇಳಿದ್ದೀಯ? ಇಡೀ ಬೀದಿಯ ಬಾಯಿಗೆ ಯಾಕೆ ಬೀಗ ಹಾಕಿಸಿದ್ದೀಯ? ಅಕ್ಕ ದೂರ ಇದ್ದಾಳೆ, ಕೆಟ್ಟವಳಾಗಲಿ, ದಿನಾ ಊಟಕ್ಕಿಡುವವಳು ನಾನು, ಒಳ್ಳೆಯವಳಾಗಿ ಉಳಿಯುತ್ತೇನೆ ಅಂದುಕೊಂಡೆಯಾ?

ಸುತ್ತಿ ಬಳಸಿ ಬರೆಯಬೇಡ.

ಅಕ್ಕ


ಮಾರ್ಚ್ ೧೫

ಅಕ್ಕನಿಗೆ,

ಸುತ್ತಿ ಬಳಸುವುದಿಲ್ಲ. ಚಾಡಿ ಹೇಳಿದವಳು ನೀನೇ.

ಅಮ್ಮ ಹೋದ ದಿನ ಅಣ್ಣ ಅಂಗಡಿಯಲ್ಲಿದ್ದ. ನೀನು ಮಧ್ಯಾಹ್ನ ಬಂದೆ. ಅವನನ್ನು ಕರೆಸೋಣ ಎಂದು ನಾನು ಹೇಳಿದೆ. ನೀನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ‘ಬೇಡ ಕಣೇ, ಅವನು ತಡ್ಕೊಳ್ಳಲ್ಲ. ಅಮ್ಮ ನನ್ನ ಜೊತೆ ಊರಿಗೆ ಹೋಗಿದಾಳೆ ಅಂತ ಹೇಳು. ನಾಲ್ಕು ದಿನ ಕೇಳ್ತಾನೆ, ಆಮೇಲೆ ಮರೀತಾನೆ’ ಅಂದೆ. ಸಂಜೆಯೊಳಗೆ ಎಲ್ಲ ಮುಗಿಸಿದೆವು. ಅವನು ಬರುವ ಹೊತ್ತಿಗೆ ನೀನು ಹೊರಟಾಗಿತ್ತು. ನಾನು ನೀನು ಹೇಳಿದ ಹಾಗೆಯೇ ಹೇಳಿದೆ. ಬೀದಿಯವರಿಗೆಲ್ಲ ಅವನ ಮುಂದೆ ಬಾಯಿ ಬಿಡಬೇಡಿ ಎಂದು ಕೈ ಮುಗಿದೆ. ಒಬ್ಬರೂ ಬಿಡಲಿಲ್ಲ, ಅಷ್ಟು ಪ್ರೀತಿ ಅವನ ಮೇಲೆ.

ಅವನು ಮರೆಯಲಿಲ್ಲ. ಆ ಮಡಿಕೆಗಳು ನಿನಗೆ ಬರುತ್ತಿದ್ದವು ಎಂದುಕೊಂಡಿದ್ದೀಯ. ಅವು ಅಮ್ಮನಿಗೆ. ಅಮ್ಮ ಬ್ಲೇಡಿನಿಂದ ಅಂಚು ಕತ್ತರಿಸಿ, ನಡುವೆ ಸೂಜಿ ಹಾಕಿ, ಸಾಮಾನಿನ ಪಟ್ಟಿ ಬರೆಯಲು ಪುಟ್ಟ ಪುಸ್ತಕ ಮಾಡಿಕೊಳ್ಳುತ್ತಿದ್ದದ್ದು ನಿನಗೆ ನೆನಪಿಲ್ಲವೇ? ಅಲ್ಲಿಯೂ ಅವಳಿಗೆ ಪುಸ್ತಕ ಬೇಕಲ್ಲ ಎಂದು ತಿಂಗಳಿಗೊಂದು ಕಳಿಸಿದ. ಅಮ್ಮ ಯಾವಾಗ ಬರ್ತಾಳೆ ಎಂದು ಕೇಳಿದಾಗೆಲ್ಲ ಮುಂದಿನ ತಿಂಗಳು ಎಂದೆ. ಎಷ್ಟು ಮುಂದಿನ ತಿಂಗಳು ಹೇಳಿದೆನೋ ನನಗೇ ಗೊತ್ತಿಲ್ಲ.

ನವೆಂಬರಿನಲ್ಲಿ ಅಲ್ಲಿ ಚಳಿ ಎಂದು ನೀನು ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಮಾರನೆಯ ದಿನ ಅಂಗಡಿಗೆ ಹೋಗಲಿಲ್ಲ. ಅಮ್ಮನ ಸ್ವೆಟರನ್ನು ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಹೋಗಿ, ಬಂದ ಬಸ್ಸುಗಳನ್ನೆಲ್ಲ ಅಕ್ಕನ ಊರಿಗೆ ಹೋಗತ್ತಾ ಎಂದು ಕೇಳುತ್ತ ಸಂಜೆಯವರೆಗೆ ನಿಂತಿದ್ದಾನೆ. ನಮ್ಮ ಮನೆಯವರು ಹುಡುಕಿ ಕರೆತಂದರು. ಬಾಗಿಲಲ್ಲೇ ನಿಂತು ಹೇಳಿದ: ‘ಅಕ್ಕ ಅಮ್ಮನ್ನ ಇಟ್ಕೊಂಡಿದಾಳೆ. ಕೊಡಲ್ಲ. ನಾನೂ ಅವಳಿಗೆ ಏನೂ ಕೊಡಲ್ಲ.’

ಅಂದಿನಿಂದ ಮಡಿಸಿದವಳು ನಾನು. ಇಸ್ತ್ರಿ ಮಾಡಿದವಳೂ ನಾನೇ. ಅವನ ಕಾಗದ ನಿಂತರೆ ನಿನಗೆ ನೋವಾಗುತ್ತದೆ ಎಂದು ಒಂದು ಭಯ, ನೀನು ನನ್ನನ್ನೇ ಬಯ್ಯುತ್ತೀಯ ಎಂದು ಇನ್ನೊಂದು. ಎರಡೂ ಆಯಿತು.

ನೀನು ಇಷ್ಟು ಕೇಳಿದೆಯಲ್ಲ, ನಾನೂ ಒಂದು ಕೇಳುತ್ತೇನೆ. ಎರಡು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ ಯಾಕೆ? ರಜೆ ಸಿಗಲಿಲ್ಲ ಎಂದು ಮಾತ್ರ ಬರೆಯಬೇಡ. ನೀನು ಒಬ್ಬಳೇ ಬಸ್ಸಿನಿಂದ ಇಳಿದರೆ ಅವನ ಮುಖ ಹೇಗೆ ನೋಡಲಿ ಎಂದಲ್ಲವೇ?

ತಂಗಿ


ಮಾರ್ಚ್ ೨೪

ತಂಗಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸುಳ್ಳು ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು, ಅದು ನನ್ನದು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಳಿದ್ದು ನೆನಪಿದೆ. ನಾಲ್ಕು ದಿನದ ಮಾತು ಅದು, ಅಲ್ಲೇ ಕರಗಿಹೋಯಿತು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಅವನು ತಡೆದುಕೊಳ್ಳುವುದಿಲ್ಲ ಅಂದೆನಲ್ಲ, ಅವನನ್ನು ನೋಡಿ ನಾನು ತಡೆದುಕೊಳ್ಳುತ್ತಿರಲಿಲ್ಲ. ಅಮ್ಮ ಅವನಿಗೆ ಒಗೆದಿಟ್ಟ ಅಂಗಿ ಇನ್ನೂ ದಾರದ ಮೇಲಿತ್ತು. ಅದನ್ನು ದಾಟಿಕೊಂಡು ಹೋಗಿ ಬಸ್ಸು ಹತ್ತಿದೆ.

ಅವನೇ ಮಡಿಸಿದ ಇಪ್ಪತ್ತೊಂದು ಮಡಿಕೆ ನನ್ನ ಮೇಜಿನಲ್ಲಿವೆ. ಒಂದರ ಅಂಚನ್ನೂ ಕತ್ತರಿಸಲಿಲ್ಲ. ನನ್ನ ಮೇಲಿನ ಪ್ರೀತಿ ಎಂದು ಜೋಪಾನ ಮಾಡಿದೆ.

ಏಪ್ರಿಲ್ ಮೊದಲ ಶನಿವಾರ ಬರುತ್ತೇನೆ. ಅಕ್ಕ ಬರುತ್ತಾಳೆ ಎಂದಷ್ಟೇ ಹೇಳು. ಉಳಿದದ್ದನ್ನು ನಾನೇ ಹೇಳುತ್ತೇನೆ. ಹೇಳಿದ ಮೇಲೆ ಅವನಿಗೆ ಏನಾದರೂ ಆದರೆ, ಊಟ ಬಿಟ್ಟರೆ, ನನ್ನನ್ನು ಎಂದಿಗೂ ಹತ್ತಿರ ಸೇರಿಸದಿದ್ದರೆ, ಅದಕ್ಕೆ ನೀನು ಹೊಣೆಯಲ್ಲ. ಈ ಕಾಗದ ಇಟ್ಟುಕೊ, ಸಾಕ್ಷಿಗಿರಲಿ.

ಅಕ್ಕ


ಏಪ್ರಿಲ್ ೯

ತಂಗಿ,

ತಲುಪಿದೆ. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ, ಪಕ್ಕದವರು ವಾಂತಿ ಬರುತ್ತಾ ಎಂದು ಕೇಳಿದರು.

ಆ ಶನಿವಾರ ನಾನು ಇಳಿದಾಗ ನೀನು ಚೀಲ ತೆಗೆದುಕೊಳ್ಳಲು ಡಿಕ್ಕಿಯ ಹತ್ತಿರ ಹೋದೆ. ನೀನು ನೋಡಲಿಲ್ಲ, ನಾನು ನೋಡಿದೆ. ಅವನು ಒಗೆದ ಅಂಗಿ ಹಾಕಿ, ತಲೆ ಬಾಚಿ, ಸ್ವೆಟರಿನ ಚೀಲ ಹಿಡಿದು ನಿಂತಿದ್ದ. ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ಬಸ್ಸಿನ ಬಾಗಿಲು ನೋಡಿದ. ಒಬ್ಬೊಬ್ಬರೇ ಇಳಿದರು. ಕೋಲೂರಿಕೊಂಡು ಒಬ್ಬ ಮುದುಕಿ ಇಳಿದಾಗ ಎರಡು ಹೆಜ್ಜೆ ಮುಂದೆ ಹೋದ. ಆಮೇಲೆ ಕಂಡಕ್ಟರ್ ಬಾಗಿಲು ಹಾಕಿದರು. ಆಗಲೂ ಕಿಟಕಿಗಳನ್ನು ಒಂದೊಂದಾಗಿ ನೋಡಿದ.

ಭಾನುವಾರ ಬೆಳಿಗ್ಗೆ ಅವನಿಗೆ ಹೇಳಿದ್ದು ನಿನಗೆ ಕೇಳಿಸಿರಬೇಕು, ನೀನು ಬಾಗಿಲ ಹಿಂದೆ ಇದ್ದೆ ಎಂದು ಗೊತ್ತು. ಯಾವತ್ತು ಎಂದು ಕೇಳಿದ. ಹೇಳಿದೆ. ನೋವಾಯ್ತಾ ಅವಳಿಗೆ ಎಂದು ಕೇಳಿದ. ಸ್ವಲ್ಪ ಅಂದೆ. ‘ನೀವೆಲ್ಲ ಅತ್ತಿರಾ?’ ಅಂದ. ಹೂಂ ಅಂದೆ. ತನ್ನ ಬೆರಳು ನೋಡಿಕೊಂಡು, ‘ನನ್ನ ಕರೀಲಿಲ್ಲ’ ಅಂದ. ಬಯ್ಯಲಿಲ್ಲ, ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ, ಭಾನುವಾರ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಸೋಮವಾರ ನಾನು ಹೊರಡುವಾಗ ಎದುರಿಗೆ ಬರಲಿಲ್ಲ.

ಎಲ್ಲರನ್ನೂ ಅನುಮಾನಿಸಿದೆ, ನಿನ್ನನ್ನು, ನಿನ್ನ ಗಂಡನನ್ನು, ಕಡೆಗೆ ಇಸ್ತ್ರಿ ಪೆಟ್ಟಿಗೆಯನ್ನು. ಅವನಿಗೆ ದುಃಖಪಡಲು ಬರುತ್ತದೆ ಎಂಬ ಅನುಮಾನ ಮಾತ್ರ ನನಗೆ ಬರಲೇ ಇಲ್ಲ.

ಅವನು ಊಟ ಮಾಡುತ್ತಿದ್ದಾನೆಯೇ, ಅಷ್ಟು ಬರೆ. ನನ್ನ ಹೆಸರು ಅವನ ಮುಂದೆ ಎತ್ತಬೇಡ.

ಅಕ್ಕ


ಏಪ್ರಿಲ್ ೧೬

ಅಕ್ಕನಿಗೆ,

ನೀನು ಸೋಮವಾರ ಹೊರಟೆ. ಮಂಗಳವಾರದಿಂದ ಶುರುವಾಯಿತು.

ಮೊದಲು ಕ್ಷೌರದಂಗಡಿಗೆ ಹೋದ. ಅಲ್ಲಿ ಬಾಗಿಲಲ್ಲಿ ನಿಂತು, ‘ನಮ್ಮಮ್ಮ ತೀರ್ಕೊಂಡ್ಳು’ ಅಂದನಂತೆ. ಎರಡು ವರ್ಷದಿಂದ ಗೊತ್ತಿದ್ದ ಅವರು ಏನು ಹೇಳಬೇಕು? ಅರ್ಧ ಸೋಪು ಹಚ್ಚಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ಅವನ ಕೈ ಹಿಡಿದುಕೊಂಡರಂತೆ. ‘ಯಾವಾಗಪ್ಪಾ’ ಎಂದು ಕೇಳಿದರಂತೆ. ಆಮೇಲೆ ಹಾಲಿನ ಅಂಗಡಿ, ಸೈಕಲ್ ರಿಪೇರಿಯವರು, ಮೀಟರಿನವರು ಎದುರಿಗೆ ಸಿಕ್ಕರು, ಅವರು. ಒಬ್ಬೊಬ್ಬರೂ ಹೊಸದಾಗಿ ಕೇಳಿದ ಹಾಗೆಯೇ ಕೇಳಿದರು. ನಟನೆ ಎಂದುಕೊಳ್ಳಬೇಡ. ಅವನ ಬಾಯಲ್ಲಿ ಕೇಳಿದಾಗ ಅದು ಹೊಸದೇ ಆಗಿತ್ತು. ಬೈಂಡಿಂಗ್ ಅಂಗಡಿಯವರು ಬಾಗಿಲು ಎಳೆದು ರಜೆ ಹಾಕಿದರು, ಸುಳ್ಳು ಹೇಳಿದ್ದಕ್ಕೆ ಅವನ ಮುಂದೆ ತಲೆ ತಗ್ಗಿಸಿ ನಿಂತರು. ಅವನು ಅವರ ಬೆನ್ನು ಸವರಿದ.

ಬುಧವಾರದಿಂದ ಜನ ಮನೆಗೆ ಬರುತ್ತಿದ್ದಾರೆ. ಅವನೇ ಕುರ್ಚಿ ಹಾಕುತ್ತಾನೆ, ನೀರು ಕೊಡುತ್ತಾನೆ. ಬಂದವರು ಅಮ್ಮನ ಮಾತಾಡುತ್ತಾರೆ, ಅವನು ಕೇಳುತ್ತಾನೆ. ಹಾಲಿನಂಗಡಿಯಾಕೆ ಅಮ್ಮ ಒಂದು ಸಲ ಸಾಮಾನಿನ ಪಟ್ಟಿ ಹೇಳಲು ಬಂದು ಅದನ್ನೇ ಮರೆತು ಹರಟಿ ಹೋದ ಕಥೆ ಹೇಳಿದಾಗ ನಾವೆಲ್ಲ ನಕ್ಕೆವು. ನಕ್ಕು ನಕ್ಕು ನಾನು ಅತ್ತೆ. ಆವತ್ತು ಸಂಜೆಯೊಳಗೆ ಎಲ್ಲ ಮುಗಿಸಿದೆವಲ್ಲ, ನಾನೂ ಸರಿಯಾಗಿ ಅತ್ತಿರಲಿಲ್ಲ ಅಕ್ಕ.

ಅವನು ಮಾತ್ರ ಅಳಲಿಲ್ಲ. ಊಟ ಮಾಡುತ್ತಾನೆ, ಎಲ್ಲರನ್ನೂ ‘ಸಾಕಾಯ್ತಾ’ ಎಂದೂ ಕೇಳುತ್ತಾನೆ. ಆದರೆ ಒಂದು ಕುರ್ಚಿಯನ್ನು ಯಾರಿಗೂ ಬಿಡುತ್ತಿರಲಿಲ್ಲ. ನಮ್ಮ ಮನೆಯವರು ಕೂರಲು ಹೋದರೆ ಎಬ್ಬಿಸಿದ. ಯಾರಿಗಿಟ್ಟಿದ್ದಾನೋ ಎಂದು ನನಗೆ ಭಯವಾಯಿತು, ಇನ್ನೂ ಅಮ್ಮನನ್ನೇ ಕಾಯುತ್ತಿದ್ದಾನೋ ಎಂದು. ನೀನು ಹೇಳಿದ್ದು ಅವನ ತಲೆಗೆ ಹೋಗಲೇ ಇಲ್ಲವೋ ಏನೋ ಎಂದು. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಕೇಳಿದೆ.

‘ಅಕ್ಕಂಗೆ’ ಅಂದ. ‘ಅವಳಿಗೆ ಹೇಳಿ ಕಳಿಸಿಲ್ಲ ನೀನು.’

ಅಕ್ಕನಿಗೆ ಗೊತ್ತಿದೆಯಲ್ಲ ಅಣ್ಣ, ಅವಳೇ ತಾನೇ ನಿನಗೆ ಹೇಳಿದ್ದು ಎಂದೆ. ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ.

‘ಗೊತ್ತಿದ್ರೂ ಕರೀಬೇಕು. ಕರೀದೆ ಅತ್ರೆ ಅವಳಿಗೆ ಬೇಜಾರಾಗತ್ತೆ. ನನಗೆ ಆಯ್ತು.’ ನನ್ನ ಮುಂದೆ ಪೆನ್ನು ಇಟ್ಟು, ಪಕ್ಕದಲ್ಲೇ ಕೂತು, ‘ಬರಿ’ ಅಂದ. ಈಗಲೂ ಕೂತಿದ್ದಾನೆ. ಅವನು ಹೇಳಿದ್ದಷ್ಟನ್ನೇ ಕೆಳಗೆ ಬರೆಯುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ.

ಅಕ್ಕ, ನಮ್ಮಮ್ಮ ತೀರ್ಕೊಂಡ್ಳು. ಬೇಗ ಬಾ. ನೀನು ಬರೋವರ್ಗೂ ನಾನು ಅಳಲ್ಲ.

ತಮ್ಮ